ಬೀಟಾ ವಿಕಿರಣ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯು ಕಾಲೇಜುಗಳಲ್ಲಿ, ವಿಜ್ಞಾನ ಶಿಬಿರಗಳಲ್ಲಿ ವಿಕಿರಣದ ಬಗ್ಗೆ ಮಾತಾಡಿ ವೇದಿಕೆ ಇಳಿದರೆ ಸಾಕು, ಪ್ರಶ್ನೆಗಳು ಮುತ್ತಿಕೊಳ್ಳುತ್ತವೆ. ಕಾಗದ ಬರೆದು ಕೇಳುವವರೂ ಇದ್ದಾರೆ. ಒಡೆಯುವ ಪರಮಾಣುಗಳು ಬಿಡುವ ವಿಕಿರಣ ಮುಖ್ಯವಾಗಿ ಮೂರು ಬಗೆ. ಗಾಮಾ ಅಂದರೆ ಎಲ್ಲರಿಗೂ ಭಯ, ಆಲ್ಫಾ ಅಂದರೆ ಯಾರಿಗೂ ಲೆಕ್ಕವಿಲ್ಲ. ನಡುವಿನ ಬೀಟಾ ಬಗ್ಗೆಯೇ ಗೊಂದಲ ಜಾಸ್ತಿ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ಕೆರೆದುಕೊಳ್ಳಬೇಕಾದವು ಆಮೇಲೆ.

## ಶುರುವಿಗೆ

ಬೀಟಾ ಕಣ ಅಂದ್ರೆ ಎಲೆಕ್ಟ್ರಾನೇ ಅಂತೀರಿ. ಹಾಗಾದ್ರೆ ಬೇರೆ ಹೆಸರು ಯಾಕೆ?

ಹೆಸರಿಟ್ಟಾಗ ಅದು ಎಲೆಕ್ಟ್ರಾನ್ ಅಂತ ಗೊತ್ತಿರಲಿಲ್ಲ, ಅಷ್ಟೇ. 1896ರಲ್ಲಿ ಬೆಕೆರೆಲ್ ಯುರೇನಿಯಂ ಲವಣದಿಂದ ಏನೋ ಹೊರಬರುತ್ತಿದೆ ಎಂದು ಕಂಡರು. 1899ರಲ್ಲಿ ರುದರ್‌ಫರ್ಡ್ ತೆಳು ಅಲ್ಯೂಮಿನಿಯಂ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಒಂದು ಬಗೆಯ ವಿಕಿರಣ ಬೇಗ ನಿಂತುಹೋಯಿತು, ಇನ್ನೊಂದು ಇನ್ನೂ ದೂರ ತೂರಿಕೊಂಡು ಹೋಯಿತು. ಮೊದಲನೆಯದಕ್ಕೆ ಆಲ್ಫಾ, ಎರಡನೆಯದಕ್ಕೆ ಬೀಟಾ ಎಂದರು. ಗ್ರೀಕ್ ಅಕ್ಷರಮಾಲೆಯ ಮೊದಲೆರಡು ಅಕ್ಷರ. ಮರುವರ್ಷ ಬೆಕೆರೆಲ್ ಬೀಟಾವನ್ನು ಕಾಂತಕ್ಷೇತ್ರದಲ್ಲಿ ಬಾಗಿಸಿ ಅಳೆದಾಗ ಅದು ಎಲೆಕ್ಟ್ರಾನ್ ಎಂದು ತಿಳಿಯಿತು. ಅಷ್ಟೊತ್ತಿಗೆ ಹಳೆಯ ಹೆಸರು ಬಾಯಿಗೆ ಕೂತುಬಿಟ್ಟಿತ್ತು. ಈಗ ನ್ಯೂಕ್ಲಿಯಸ್‌ನಿಂದ ಹೊರಬಿದ್ದ ಎಲೆಕ್ಟ್ರಾನಿಗೆ ಮಾತ್ರ ಬೀಟಾ ಎನ್ನುತ್ತೇವೆ. ತಂತಿಯಲ್ಲಿ ಹರಿಯುವ ಎಲೆಕ್ಟ್ರಾನಿಗೂ ಅದಕ್ಕೂ ಹುಟ್ಟಿದ ಜಾಗ ಬೇರೆ, ವೇಗ ಬೇರೆ. ವಸ್ತು ಒಂದೇ.

ನ್ಯೂಕ್ಲಿಯಸ್‌ನಲ್ಲಿ ಪ್ರೋಟಾನ್, ನ್ಯೂಟ್ರಾನ್ ಬಿಟ್ಟು ಬೇರೇನೂ ಇಲ್ಲ ಅಂತ ಪಾಠದಲ್ಲಿದೆ. ಮತ್ತೆ ಎಲೆಕ್ಟ್ರಾನ್ ಎಲ್ಲಿಂದ ಬರುತ್ತೆ ಸರ್?

ಒಳ್ಳೆಯ ಪ್ರಶ್ನೆ. ಗುಡಿಯ ಗಂಟೆಯೊಳಗೆ ಸದ್ದನ್ನು ಯಾರೂ ಕೂಡಿಟ್ಟಿರುವುದಿಲ್ಲ, ಅಲ್ವಾ? ಬಾರಿಸಿದಾಗ ಹುಟ್ಟುತ್ತದೆ. ಎಲೆಕ್ಟ್ರಾನೂ ಹಾಗೆ. ಒಂದು ನ್ಯೂಟ್ರಾನ್ ಪ್ರೋಟಾನ್ ಆಗಿ ಬದಲಾಗುವ ಕ್ಷಣದಲ್ಲಿ ಅದು ಹೊಸದಾಗಿ ಹುಟ್ಟುತ್ತದೆ. ಜೊತೆಗೆ ಇನ್ನೊಂದು ಕಣವೂ ಹುಟ್ಟುತ್ತದೆ, ಅದರ ಕಥೆ ಕೊನೆಗೆ ಹೇಳುತ್ತೇನೆ. ಪ್ರೋಟಾನ್ ಒಂದು ಜಾಸ್ತಿಯಾದದ್ದರಿಂದ ಮೂಲವಸ್ತುವೇ ಬದಲಾಗುತ್ತದೆ: 6 ಪ್ರೋಟಾನಿನ ಕಾರ್ಬನ್-14, 7 ಪ್ರೋಟಾನಿನ ನೈಟ್ರೋಜನ್-14 ಆಗುತ್ತದೆ. ಒಟ್ಟು ತೂಕ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ.

ಆಲ್ಫಾಗೆ ಕಾಗದ, ಬೀಟಾಗೆ ಅಲ್ಯೂಮಿನಿಯಂ, ಗಾಮಾಗೆ ಸೀಸ. ಇಷ್ಟು ಗೊತ್ತಿದ್ರೆ ಸಾಕಲ್ವಾ?

ಪರೀಕ್ಷೆಗೆ ಸಾಕು. ಕೆಲಸಕ್ಕೆ ಸಾಲದು. ಪಠ್ಯಪುಸ್ತಕದ ಆ ಚಿತ್ರ ನೋಡಿದವರು ಬೀಟಾ ಅಂದರೆ ಒಂದೇ ತರಹದ್ದು ಅಂದುಕೊಳ್ಳುತ್ತಾರೆ. ಟ್ರಿಟಿಯಂ ಅಂದರೆ ಹೈಡ್ರೋಜನ್‌ನ ಭಾರದ, ವಿಕಿರಣ ಬಿಡುವ ರೂಪ. ಅದರ ಬೀಟಾಗೆ ಹೆಚ್ಚೆಂದರೆ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್ ಶಕ್ತಿ (ಕಣಗಳ ಶಕ್ತಿ ಅಳೆಯುವ ಮಾನ ಇದು). ಗಾಳಿಯಲ್ಲಿ ಅದು ಸುಮಾರು 6 ಮಿ.ಮೀ. ಹೋಗಿ ಸುಸ್ತಾಗುತ್ತದೆ. ಒಂದು ತೆಳು ಕಾಗದ ಸಾಕು, ತಡೆಯಲು. ಫಾಸ್ಫರಸ್-32ರ ಬೀಟಾಗೆ ಹೆಚ್ಚೆಂದರೆ 1,710 ಕಿಲೋ ಎಲೆಕ್ಟ್ರಾನ್ ವೋಲ್ಟ್. ಅದು ಗಾಳಿಯಲ್ಲಿ ಸುಮಾರು 6 ಮೀಟರ್ ಹೋಗುತ್ತದೆ, ಅಂದರೆ ಒಂದು ತರಗತಿಯ ಈ ಗೋಡೆಯಿಂದ ಆ ಗೋಡೆಯವರೆಗೆ. ಎರಡಕ್ಕೂ ಹೆಸರು ಬೀಟಾ. ಅದಕ್ಕೇ ಯಾರಾದರೂ 'ಬೀಟಾ ಅಪಾಯವಾ?' ಎಂದು ಕೇಳಿದರೆ ನಾನು ಮೊದಲು 'ಯಾವುದರ ಬೀಟಾ?' ಎಂದು ಕೇಳುತ್ತೇನೆ.

ಬಾಳೆಹಣ್ಣಲ್ಲಿ ವಿಕಿರಣ ಇದೆಯಂತೆ. ನಾವು ಅಡಿಕೆಗೆ ಹಾಕೋ ಪೊಟ್ಯಾಶಲ್ಲೂ ಇದೆಯಾ?

ಎರಡರಲ್ಲೂ ಇದೆ. ಭೂಮಿಯ ಮೇಲಿನ ಯಾವ ಪೊಟ್ಯಾಸಿಯಂ ತೆಗೆದುಕೊಂಡರೂ ಅದರಲ್ಲಿ ಪ್ರತಿ 10,000 ಪರಮಾಣುವಿಗೆ ಒಂದಕ್ಕಿಂತ ಸ್ವಲ್ಪ ಜಾಸ್ತಿ ಪೊಟ್ಯಾಸಿಯಂ-40 ಇರುತ್ತದೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದು ಮುಗಿಯಲು ಬೇಕಾದ ಕಾಲ, 125 ಕೋಟಿ ವರ್ಷ. 10ರಲ್ಲಿ 9 ಸಲ ಅದು ಬೀಟಾ ಬಿಟ್ಟು ಕ್ಯಾಲ್ಸಿಯಂ ಆಗುತ್ತದೆ.

ಲೆಕ್ಕ ಹಾಕೋಣ. ಒಂದು ಗ್ರಾಂ ಪೊಟ್ಯಾಸಿಯಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣು ಒಡೆಯುತ್ತವೆ. ಬಾಳೆಹಣ್ಣಿನಲ್ಲಿ ಅರ್ಧ ಗ್ರಾಂಗೂ ಕಡಿಮೆ, ಅಂದರೆ ಸೆಕೆಂಡಿಗೆ ಹತ್ತು ಹದಿನೈದು. 50 ಕಿಲೋ ಪೊಟ್ಯಾಶ್ ಮೂಟೆಯಲ್ಲಿ ಸುಮಾರು 25 ಕಿಲೋ ಪೊಟ್ಯಾಸಿಯಂ, ಅಂದರೆ ಸೆಕೆಂಡಿಗೆ 7 ಲಕ್ಷಕ್ಕೂ ಜಾಸ್ತಿ! ಮೂಟೆ ಬಿಚ್ಚಿ, ವಿಕಿರಣ ಎಣಿಸುವ ಗೈಗರ್ ಕೌಂಟರ್‌ನ ಕಿಟಕಿಯನ್ನು ಆ ಕೆಂಪು ಹರಳುಗಳ ಹತ್ತಿರ ಹಿಡಿದರೆ ಟಿಕ್ ಟಿಕ್ ಚುರುಕಾಗುವುದು ಕಿವಿಗೇ ಗೊತ್ತಾಗುತ್ತದೆ. ಹೆದರಬೇಡಿ. ಆಳದಲ್ಲಿ ಹುಟ್ಟಿದ ಬೀಟಾವನ್ನು ಗೊಬ್ಬರವೇ ನುಂಗಿಕೊಳ್ಳುತ್ತದೆ. ಇನ್ನು ನಿಮ್ಮ ಮೈಯಲ್ಲೇ ಪೊಟ್ಯಾಸಿಯಂ-40 ಸೆಕೆಂಡಿಗೆ ನಾಲ್ಕು ಸಾವಿರ ಚಿಲ್ಲರೆ ಸಲ ಒಡೆಯುತ್ತಿದೆ. ಬಾಳೆಹಣ್ಣು ತಿಂದರೆ ಅದು ಏರುತ್ತಾ ಹೋಗುವುದೂ ಇಲ್ಲ. ಜಾಸ್ತಿಯಾದ ಪೊಟ್ಯಾಸಿಯಂ ಅನ್ನು ಮೂತ್ರಪಿಂಡ ಹೊರಗೆ ಹಾಕುತ್ತದೆ.

## ಮೈ, ಆಸ್ಪತ್ರೆ, ಸ್ಥಾವರ

ಬೀಟಾ ಮೈಗೆ ತಾಗಿದ್ರೆ ಏನಾಗುತ್ತೆ?

ಚರ್ಮದ ಮೇಲ್ಪದರ ಸತ್ತ ಕೋಶಗಳದ್ದು, ಸುಮಾರು 0.07 ಮಿ.ಮೀ. ದಪ್ಪ. ಅದನ್ನು ದಾಟಲು ಬೀಟಾಗೆ 70 ಕಿಲೋ ಎಲೆಕ್ಟ್ರಾನ್ ವೋಲ್ಟ್ ಆದರೂ ಬೇಕು. ದಾಟಿದರೂ ಕೆಲವು ಮಿಲಿಮೀಟರ್‌ನಲ್ಲಿ ನಿಲ್ಲುತ್ತದೆ. ಆದ್ದರಿಂದ ಹೊರಗಿನಿಂದ ಬಂದ ಬೀಟಾ ಒಳಗಿನ ಅಂಗಗಳನ್ನು ಮುಟ್ಟುವುದಿಲ್ಲ, ಚರ್ಮವನ್ನು ಮತ್ತು ಕಣ್ಣನ್ನು ಕಾಡುತ್ತದೆ. 1954ರ ಮಾರ್ಚ್ 1ರಂದು ಅಮೆರಿಕ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು. ಬಿಳಿ ಬೂದಿ ರೊಂಗೆಲಾಪ್ ದ್ವೀಪದವರ ಮೇಲೂ, ಒಂದು ಜಪಾನಿ ಮೀನುಗಾರಿಕೆ ದೋಣಿಯ 23 ಮಂದಿಯ ಮೇಲೂ ಸುರಿಯಿತು. ಬೂದಿ ಮೈಗಂಟಿದ ಕಡೆ ಮುಂದಿನ ದಿನಗಳಲ್ಲಿ ಸುಟ್ಟಂತೆ ಹುಣ್ಣುಗಳೆದ್ದವು. ಬೀಟಾ ಸುಟ್ಟಗಾಯ ಅಂದರೆ ಅದೇ.

ಒಳಗೆ ಹೋದರೆ ಕಥೆಯೇ ಬೇರೆ. ಅಲ್ಲಿ ಸತ್ತ ಚರ್ಮದ ಕಾವಲಿಲ್ಲ. ಸ್ಟ್ರಾನ್ಷಿಯಂ-90 ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಮೂಳೆಗೆ ಸೇರುತ್ತದೆ, ಅದರ ಅರ್ಧಾಯುಷ್ಯ 29 ವರ್ಷದ ಹತ್ತಿರ.

ನಮ್ಮಮ್ಮನಿಗೆ ಥೈರಾಯ್ಡ್‌ಗೆ ಅಯೋಡಿನ್ ಕೊಟ್ಟು ಮನೆಗೆ ಕಳಿಸಿದ್ದಾರೆ. ಬೀಟಾ ಎರಡು ಮಿಲಿಮೀಟರ್ ದಾಟಲ್ಲ ಅಂದ್ರೆ ಮಕ್ಕಳನ್ನ ದೂರ ಇಡಿ ಅಂತ ಯಾಕೆ ಹೇಳ್ತಾರೆ?

ಅಮ್ಮನಿಗೆ ಕೊಟ್ಟ ಅಯೋಡಿನ್-131 ಬೀಟಾ, ಗಾಮಾ ಎರಡನ್ನೂ ಬಿಡುತ್ತದೆ. ಚಿಕಿತ್ಸೆ ಮಾಡುವುದು ಬೀಟಾ. ಥೈರಾಯ್ಡ್ ಕೋಶಗಳು ಅಯೋಡಿನ್ ಎಳೆದುಕೊಳ್ಳುತ್ತವೆ, ಬೀಟಾ ಅಲ್ಲಲ್ಲೇ ಅವನ್ನು ಸುಡುತ್ತದೆ, ಪಕ್ಕದ ಅಂಗಗಳು ಬಹುಮಟ್ಟಿಗೆ ಉಳಿಯುತ್ತವೆ. ಆದರೆ ಅದರ ಬೆನ್ನಿಗೆ 364 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಬರುತ್ತದೆ. ಅದು ಮೈ ದಾಟಿ ಹೊರಗೆ ಬರುತ್ತದೆ. ಜೊತೆಗೆ ಎಂಜಲು, ಬೆವರು, ಮೂತ್ರದಲ್ಲೂ ಅಯೋಡಿನ್ ಹೋಗುತ್ತದೆ. ಅದಕ್ಕೇ ಬೇರೆ ತಟ್ಟೆ ಲೋಟ, ಬೇರೆ ಹಾಸಿಗೆ, ಮಗುವನ್ನು ಎತ್ತಿಕೊಳ್ಳದಿರುವುದು. ಅರ್ಧಾಯುಷ್ಯ 8 ದಿನ. ಎಷ್ಟು ದಿನ ಎಂಬುದು ಕೊಟ್ಟ ಪ್ರಮಾಣದ ಮೇಲೆ ಹೋಗುತ್ತದೆ, ಡಾಕ್ಟರ್ ಹೇಳಿದ್ದನ್ನೇ ಪಾಲಿಸಿ. ಅಮ್ಮನನ್ನು ಮಾತಾಡಿಸದೆ ಮಾತ್ರ ಇರಬೇಡಿ. ದೂರ ಕೂತು ಮಾತಾಡಲು ಯಾವ ಅಡ್ಡಿಯೂ ಇಲ್ಲ.

ಪೆಟ್ ಸ್ಕ್ಯಾನಲ್ಲೂ ಬೀಟಾ ಇದೆ ಅಂತಾರಲ್ಲ?

ಇದೆ, ಆದರೆ ತಿರುಗುಮುರುಗು. ಫ್ಲೋರಿನ್-18ರಲ್ಲಿ ಪ್ರೋಟಾನ್ ನ್ಯೂಟ್ರಾನ್ ಆಗುತ್ತದೆ, ಹೊರಬರುವುದು ಧನ ವಿದ್ಯುದಂಶದ ಪಾಸಿಟ್ರಾನ್. ಅದು ಮೈಯೊಳಗೆ ಯಾವುದಾದರೂ ಎಲೆಕ್ಟ್ರಾನಿಗೆ ಸಿಕ್ಕಿದರೆ ಇಬ್ಬರೂ ಮಾಯ. ಬದಲಿಗೆ ಎರಡು ಗಾಮಾ ಎದುರುಬದುರು ದಿಕ್ಕಿಗೆ ಹಾರುತ್ತವೆ. ಯಂತ್ರ ಹಿಡಿಯುವುದು ಆ ಜೋಡಿಯನ್ನು.

ಕೈಗಾದಲ್ಲಿ ಕುಡಿಯೋ ನೀರಿಗೆ ವಿಕಿರಣ ಸೇರಿತ್ತಂತೆ. ಯಂತ್ರಗಳಿಗೆ ಮೊದಲೇ ಯಾಕೆ ಗೊತ್ತಾಗಲಿಲ್ಲ?

ಅದು 2009ರ ನವೆಂಬರ್. ಕೈಗಾದ್ದು ಭಾರಜಲದ ರಿಯಾಕ್ಟರ್. ಭಾರಜಲದಲ್ಲಿ ಮಾಮೂಲಿ ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯೂಟೀರಿಯಂ ಇರುತ್ತದೆ, ಅದು ನ್ಯೂಟ್ರಾನ್ ನುಂಗಿ ಟ್ರಿಟಿಯಂ ಆಗುತ್ತಿರುತ್ತದೆ. ಯಾರೋ ಬೇಕೆಂದೇ ಅಂಥ ನೀರನ್ನು ಒಂದು ವಾಟರ್ ಕೂಲರ್‌ಗೆ ಬೆರೆಸಿದ್ದಾರೆ ಎಂದು ಅಧಿಕಾರಿಗಳು ಹೇಳಿದರು. ಐವತ್ತಕ್ಕೂ ಹೆಚ್ಚು ನೌಕರರ ಮೂತ್ರ ಪರೀಕ್ಷೆಯಲ್ಲಿ ಟ್ರಿಟಿಯಂ ಕಂಡಿತು.

ಮೂತ್ರ ಪರೀಕ್ಷೆಯಲ್ಲೇ ಯಾಕೆ? ಟ್ರಿಟಿಯಂ ಬೀಟಾ ಎಷ್ಟು ಮೆತ್ತಗಿದೆ ಅಂದರೆ ಸಾಮಾನ್ಯ ಗೈಗರ್ ಕೌಂಟರ್‌ನ ಕಿಟಕಿಯನ್ನೂ ದಾಟುವುದಿಲ್ಲ. ಗೇಟಿನ ಮಾನಿಟರ್ ಮುಂದೆ ನಿಂತರೂ ಸದ್ದಿಲ್ಲ. ಮಾದರಿಯನ್ನು ಮಿನುಗುವ ದ್ರಾವಣದಲ್ಲಿ ಬೆರೆಸಿ, ಕತ್ತಲಲ್ಲಿ ಆ ಮಿನುಗನ್ನು ಎಣಿಸಬೇಕು. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷವಾದರೂ ನೀರಿನ ರೂಪದಲ್ಲಿ ಒಳಹೋದದ್ದು ಮೈಯಲ್ಲಿ ಸುಮಾರು 10 ದಿನಕ್ಕೆ ಅರ್ಧವಾಗುತ್ತದೆ. ಅದಕ್ಕೆ ಮೊದಲ ಔಷಧ ಚೆನ್ನಾಗಿ ನೀರು ಕುಡಿಯುವುದು.

## ಲ್ಯಾಬಿನಲ್ಲಿ, ಹೊಲದಲ್ಲಿ, ಬಂಡೆಯ ಮೇಲೆ

ಬೀಟಾ ತಡೆಯೋಕೆ ಸೀಸ ಇನ್ನೂ ಒಳ್ಳೇದಲ್ವಾ? ಪ್ಲಾಸ್ಟಿಕ್ ಯಾಕೆ?

ಓಡುವ ಎಲೆಕ್ಟ್ರಾನಿಗೆ ಭಾರದ ನ್ಯೂಕ್ಲಿಯಸ್ ಪಕ್ಕದಲ್ಲಿ ಗಕ್ಕನೆ ಬ್ರೇಕ್ ಬಿದ್ದರೆ ಅದರ ಶಕ್ತಿ ಎಕ್ಸ್‌ರೇ ಆಗಿ ಹೊರಬರುತ್ತದೆ. ಸೀಸದ ನ್ಯೂಕ್ಲಿಯಸ್‌ನಲ್ಲಿ 82 ಪ್ರೋಟಾನ್. ಬೀಟಾ ತಡೆಯಲು ಹೋಗಿ ಎಕ್ಸ್‌ರೇ ತಯಾರಿಸಿದ ಹಾಗಾಗುತ್ತದೆ. ಪ್ಲಾಸ್ಟಿಕ್‌ನಲ್ಲಿರುವುದು ಕಾರ್ಬನ್, ಹೈಡ್ರೋಜನ್, ಆಕ್ಸಿಜನ್‌ನಂಥ ಹಗುರ ಪರಮಾಣುಗಳು. ಅಲ್ಲಿ ಎಕ್ಸ್‌ರೇ ತೀರಾ ಕಡಿಮೆ. ಫಾಸ್ಫರಸ್-32ಕ್ಕೆ ಒಂದು ಸೆಂಟಿಮೀಟರ್ ದಪ್ಪದ ಅಕ್ರಿಲಿಕ್ ಸಾಕು.

ಹಿಂದೆ ನಾನಿದ್ದ ಒಂದು ಜೀವಶಾಸ್ತ್ರದ ಲ್ಯಾಬಿನಲ್ಲಿ ಈ ಫಾಸ್ಫರಸ್ ನಿತ್ಯದ ಮಾತಾಗಿತ್ತು. ಒಂದು ಸಂಜೆ ಕೆಲಸ ಮುಗಿಸಿ ಕೈಗೆ ಕೌಂಟರ್ ಹಿಡಿದೆ, ಮೌನ. ಖುಷಿಯಾಗಿ ಆಫ್ ಮಾಡುವಾಗ ಅದು ಎಡ ತೋಳಿನ ಮುಂದೆ ಹಾದು ಹುರಿಗಡಲೆ ಸಿಡಿದಂತೆ ಸದ್ದು ಮಾಡಿತು. ಕಣ್ಣಿಗೆ ಕಾಣದಷ್ಟು ಚಿಕ್ಕ ಹನಿ, ಲ್ಯಾಬ್ ಕೋಟಿನ ತೋಳಿನ ಗುಂಡಿಯ ಪಕ್ಕದಲ್ಲಿ. ಅಕ್ರಿಲಿಕ್ ತಡೆ ಇತ್ತು, ನಾನೇ ಅದನ್ನು ಪಕ್ಕಕ್ಕೆ ಸರಿಸಿಕೊಂಡಿದ್ದೆ. ಕೋಟನ್ನು ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ದಿನಾಂಕ ಬರೆದಿಟ್ಟೆವು. 14.3 ದಿನಕ್ಕೆ ಅರ್ಧ. ಹತ್ತು ಅರ್ಧಾಯುಷ್ಯ ಅಂದರೆ 143 ದಿನ ಕಳೆದ ಮೇಲೆ ಸಾವಿರದಲ್ಲೊಂದು ಪಾಲು ಉಳಿಯಿತು. ಆಮೇಲೆ ಕೋಟು ಒಗೆಯಲು ಹೋಯಿತು.

ಕೌಂಟರ್ ಟಿಕ್ ಅಂದಾಗ ಅದು ಬೀಟಾನೇ ಅಂತ ಹೇಗೆ ಹೇಳ್ತೀರಿ?

ಟಿಕ್ ಕೇಳಿ ಹೇಳಲಾಗದು. ನಡುವೆ ಏನಾದರೂ ಅಡ್ಡ ಇಟ್ಟು ನೋಡಬೇಕು. ನಾನು ಶಿಬಿರಗಳಿಗೆ ಹಳೆಯ ಪೆಟ್ರೋಮ್ಯಾಕ್ಸ್ ಮ್ಯಾಂಟಲ್ ಒಂದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಒಯ್ಯುತ್ತೇನೆ. ಯಕ್ಷಗಾನದ ರಂಗಸ್ಥಳ ಬೆಳಗುತ್ತಿದ್ದದ್ದು ಅದೇ ದೀಪ. ಮ್ಯಾಂಟಲ್ ಹೊಳಪಿಗೆ ಅದರಲ್ಲಿ ಥೋರಿಯಂ ಇರುತ್ತದೆ. ಥೋರಿಯಂನ ಮಕ್ಕಳು ಮೊಮ್ಮಕ್ಕಳು ಸೇರಿ ಆಲ್ಫಾ, ಬೀಟಾ, ಗಾಮಾ ಮೂರೂ ಬಿಡುತ್ತವೆ. ಕವರೇ ಆಲ್ಫಾ ತಡೆದುಬಿಡುತ್ತದೆ. ಉಳಿದ ಟಿಕ್‌ಗಳನ್ನು ಒಂದು ನಿಮಿಷ ಎಣಿಸಿ. ಒಂದೊಂದೇ ಅಲ್ಯೂಮಿನಿಯಂ ತಗಡು ಸೇರಿಸುತ್ತಾ ಹೋಗಿ. ಎಣಿಕೆ ಇಳಿಯುತ್ತಾ ಇಳಿಯುತ್ತಾ 4 ಮಿ.ಮೀ. ಆಸುಪಾಸಿನಲ್ಲಿ ಒಂದು ಕಡೆ ನಿಂತುಬಿಡುತ್ತದೆ. ಇಳಿದ ಭಾಗ ಬೀಟಾ. ನಿಂತ ಭಾಗ ಗಾಮಾ ಮತ್ತು ಸುತ್ತಲಿನ ಹಿನ್ನೆಲೆ. ಈಗಿನ ಕೆಲವು ಮ್ಯಾಂಟಲ್‌ಗಳಲ್ಲಿ ಥೋರಿಯಂ ಬದಲು ಇಟ್ರಿಯಂ ಇರುತ್ತದೆ, ಅವು ಏನೂ ಹೇಳುವುದಿಲ್ಲ. ಉರಿದ ಮ್ಯಾಂಟಲ್‌ನ ಪುಡಿ ಮಾತ್ರ ಮೂಗಿಗೆ ಹೋಗಬಾರದು.

ಕಾರ್ಖಾನೆಗಳಲ್ಲಿ ಬೀಟಾಗೆ ಏನು ಕೆಲಸ?

ಕಾಗದದ ಗಿರಣಿಯಲ್ಲಿ ಓಡುತ್ತಿರುವ ಹಾಳೆಯ ದಪ್ಪವನ್ನು ಮುಟ್ಟದೆ ಅಳೆಯಲು ಬೇಕು. ಒಂದು ಬದಿಗೆ ಕ್ರಿಪ್ಟಾನ್-85, ಇನ್ನೊಂದು ಬದಿಗೆ ಡಿಟೆಕ್ಟರ್. ಹಾಳೆ ದಪ್ಪವಾದರೆ ಬರುವ ಬೀಟಾ ಕಡಿಮೆ, ತಕ್ಷಣ ಯಂತ್ರ ಸರಿಪಡಿಸಿಕೊಳ್ಳುತ್ತದೆ.

ಲಾಲ್‌ಬಾಗ್ ಬಂಡೆಗೆ 300 ಕೋಟಿ ವರ್ಷ, ಬೂದಿಗುಡ್ಡಕ್ಕೆ ನಾಲ್ಕೈದು ಸಾವಿರ ವರ್ಷ ಅಂತಾರೆ. ಇದೆಲ್ಲ ಯಾರು ನೋಡಿದ್ದು?

ಯಾರೂ ನೋಡಿಲ್ಲ, ಬೀಟಾ ಲೆಕ್ಕ ಇಟ್ಟಿದೆ. ಎರಡಕ್ಕೂ ಗಡಿಯಾರ ಬೇರೆ ಬೇರೆ.

ಯಾದಗಿರಿ ಜಿಲ್ಲೆಯ ಬೂದಿಹಾಳದಂಥ ಕಡೆ ಹೊಸ ಶಿಲಾಯುಗದ ದನಗಾಹಿಗಳು ಸಗಣಿ ಸುಟ್ಟ ರಾಶಿಗಳಿವೆ. ಅದರಲ್ಲಿ ಸಿಗುವ ಇದ್ದಿಲಿನಲ್ಲಿ ಕಾರ್ಬನ್-14 ಇರುತ್ತದೆ. ಬದುಕಿರುವ ಗಿಡದ ಒಂದು ಗ್ರಾಂ ಕಾರ್ಬನ್ ನಿಮಿಷಕ್ಕೆ ಸುಮಾರು 14 ಬೀಟಾ ಬಿಡುತ್ತದೆ. ಸತ್ತ ಮೇಲೆ 5,730 ವರ್ಷಕ್ಕೆ ಅದು 7 ಆಗುತ್ತದೆ. ಮೊದಲು ಈ ಬೀಟಾಗಳನ್ನೇ ದಿನಗಟ್ಟಲೆ ಕಾದು ಎಣಿಸುತ್ತಿದ್ದರು. ಈಗ ಕಣ ವೇಗವರ್ಧಕ ಯಂತ್ರದಲ್ಲಿ ಪರಮಾಣುಗಳನ್ನೇ ನೇರ ಎಣಿಸುತ್ತಾರೆ. ದೆಹಲಿಯ ಅಂತರ ವಿಶ್ವವಿದ್ಯಾಲಯ ವೇಗವರ್ಧಕ ಕೇಂದ್ರದಲ್ಲಿ ಆ ಸೌಲಭ್ಯ ಇದೆ.

ಬಂಡೆಗೆ ಕಾರ್ಬನ್ ಗಡಿಯಾರ ನಡೆಯದು. ಅಲ್ಲಿ ರುಬಿಡಿಯಂ-87 ಬೀಟಾ ಬಿಟ್ಟು ಸ್ಟ್ರಾನ್ಷಿಯಂ-87 ಆಗುವುದನ್ನು ನೋಡುತ್ತಾರೆ. ಅದರ ಅರ್ಧಾಯುಷ್ಯ ಸುಮಾರು 5,000 ಕೋಟಿ ವರ್ಷ, ವಿಶ್ವದ ವಯಸ್ಸಿನ ಮೂರು ಪಟ್ಟಿಗೂ ಜಾಸ್ತಿ. ಲಾಲ್‌ಬಾಗ್ ಬಂಡೆ ಸೇರಿದ ನಮ್ಮ ಪೆನಿನ್ಸುಲರ್ ನೈಸ್ ಶಿಲೆಗಳ ವಯಸ್ಸನ್ನು ಪತ್ತೆಮಾಡಿದ ವಿಧಾನಗಳಲ್ಲಿ ಇದೂ ಒಂದು.

ರಿಯಾಕ್ಟರ್ ನೀರಿನಲ್ಲಿ ಕಾಣೋ ಆ ನೀಲಿ ಬೆಳಕು ಬೀಟಾನಾ?

ಬೀಟಾ ಅಲ್ಲ, ವೇಗದ ಎಲೆಕ್ಟ್ರಾನುಗಳು ಮಾಡುವ ಕೆಲಸ. ಆ ಎಲೆಕ್ಟ್ರಾನುಗಳಲ್ಲಿ ಬೀಟಾಗಳೂ ಇವೆ, ಗಾಮಾ ಗುದ್ದಿ ಹೊರಡಿಸಿದವೂ ಇವೆ. ನೀರಿನಲ್ಲಿ ಬೆಳಕಿನ ವೇಗ ಮುಕ್ಕಾಲಿಗೆ ಇಳಿಯುತ್ತದೆ. ಎಲೆಕ್ಟ್ರಾನ್ ಅದನ್ನು ಮೀರಿ ಓಡಿದರೆ, ದೋಣಿಯ ಹಿಂದೆ ಅಲೆ ಏಳುವಂತೆ ಬೆಳಕು ಏಳುತ್ತದೆ. ಟ್ರಾಂಬೆಯಲ್ಲಿ 1956ರಲ್ಲಿ ಶುರುವಾದ ರಿಯಾಕ್ಟರ್‌ಗೆ ನೆಹರೂ ಅಪ್ಸರಾ ಎಂದು ಹೆಸರಿಟ್ಟದ್ದು ಈ ನೀಲಿ ಕಂಡೇ ಎನ್ನುತ್ತಾರೆ.

## ಇನ್ನೂ ಆಳಕ್ಕೆ

ಒಂದೇ ವಸ್ತುವಿನ ಬೀಟಾಗಳಿಗೆ ಬೇರೆ ಬೇರೆ ಶಕ್ತಿ ಯಾಕೆ? ಆಲ್ಫಾಗೆ ಹಾಗಿಲ್ಲವಲ್ಲ?

ಈ ಒಂದು ಪ್ರಶ್ನೆಗೆ ಭೌತಶಾಸ್ತ್ರಜ್ಞರು ಹೆಚ್ಚುಕಮ್ಮಿ ನಲವತ್ತು ವರ್ಷ ತಿಣುಕಿದರು. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

1914ರಲ್ಲಿ ಬರ್ಲಿನ್‌ನಲ್ಲಿದ್ದ ಚಾಡ್ವಿಕ್ ಬೀಟಾಗಳ ಶಕ್ತಿ ಅಳೆದರು. ಒಂದೇ ಬೆಲೆ ಬರಬೇಕಿತ್ತು. ಸೊನ್ನೆಯಿಂದ ಒಂದು ಗರಿಷ್ಠದವರೆಗೆ ಎಲ್ಲ ಬೆಲೆಗಳೂ ಬಂದವು. ಅಷ್ಟರಲ್ಲಿ ಯುದ್ಧ ಶುರುವಾಗಿ, ಇಂಗ್ಲಿಷಿನವರೆಂದು ಅವರನ್ನು ಒಂದು ಕುದುರೆ ರೇಸ್ ಮೈದಾನದಲ್ಲಿ ಕೂಡಿಹಾಕಿದರು. ಅಲ್ಲೂ ಸುಮ್ನೆ ಕೂರಲಿಲ್ಲ. ಆಗ ಜರ್ಮನಿಯಲ್ಲಿ ಮಾರುತ್ತಿದ್ದ ಥೋರಿಯಂ ಬೆರೆಸಿದ ಟೂತ್‌ಪೇಸ್ಟ್ ತರಿಸಿಕೊಂಡು ಪ್ರಯೋಗ ಮಾಡಿದರು!

ಶಕ್ತಿ ದಾರಿಯಲ್ಲಿ ಎಲ್ಲೋ ಸೋರಿರಬೇಕು ಎಂದು ಕೆಲವರು ವಾದಿಸಿದರು. 1927ರಲ್ಲಿ ಎಲ್ಲಿಸ್ ಮತ್ತು ವೂಸ್ಟರ್ ಬಿಸ್ಮತ್-210 ಅನ್ನು ಸೀಸದೊಳಗೆ ಮುಚ್ಚಿ, ಹುಟ್ಟಿದ ಬಿಸಿಯನ್ನೇ ಅಳೆದರು. ಸೋರಿದ್ದರೂ ಸೀಸದಲ್ಲೇ ಸಿಗಬೇಕಲ್ಲ? ಒಂದು ಒಡೆತಕ್ಕೆ ಸಿಕ್ಕಿದ್ದು ಸುಮಾರು 0.35 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್. ಗರಿಷ್ಠ ಒಂದಕ್ಕಿಂತ ಜಾಸ್ತಿ. ಮೂರನೇ ಎರಡು ಪಾಲು ಕಾಣೆ. ನೀಲ್ಸ್ ಬೋರ್ ಅಂಥವರೇ ಶಕ್ತಿ ಸಂರಕ್ಷಣೆಯ ನಿಯಮ ಇಲ್ಲಿ ನಡೆಯದೇನೋ ಎಂದರು.

1930ರ ಡಿಸೆಂಬರ್ 4ರಂದು ಪೌಲಿ ಟ್ಯೂಬಿಂಗನ್‌ನಲ್ಲಿ ಸೇರಿದ್ದ ಗೆಳೆಯರಿಗೆ ಕಾಗದ ಬರೆದರು. ವಿದ್ಯುದಂಶವಿಲ್ಲದ, ಯಾರಿಗೂ ಕಾಣದ ಇನ್ನೊಂದು ಕಣ ಬೀಟಾ ಜೊತೆ ಹೊರಡುತ್ತದೆ, ಶಕ್ತಿಯನ್ನು ಇಬ್ಬರೂ ಹಂಚಿಕೊಳ್ಳುತ್ತಾರೆ ಎಂದು ಊಹಿಸಿದರು. ಪಾಲು ಪ್ರತಿ ಸಲ ಬೇರೆ, ಅದಕ್ಕೇ ಬೀಟಾ ಶಕ್ತಿಯೂ ಪ್ರತಿ ಸಲ ಬೇರೆ. ಜ್ಯೂರಿಕ್‌ನಲ್ಲಿ ನೃತ್ಯಕೂಟ ಇದೆ, ನಾನು ಬರಲಾಗದು ಎಂದೂ ಅದೇ ಕಾಗದದಲ್ಲಿತ್ತು. ಪೌಲಿ ಇಟ್ಟ ಹೆಸರು ನ್ಯೂಟ್ರಾನ್. 1932ರಲ್ಲಿ ಅದೇ ಚಾಡ್ವಿಕ್ ಬೇರೊಂದು ಭಾರದ ಕಣ ಹಿಡಿದಾಗ ಆ ಹೆಸರು ಅದಕ್ಕೆ ಹೋಯಿತು. ಫರ್ಮಿಯ ಇಟಲಿ ಬಳಗ ಪುಟ್ಟದ್ದನ್ನು ನ್ಯೂಟ್ರಿನೊ ಎಂದಿತು.

ಹಿಡಿಯಲು 1956ರವರೆಗೆ ಕಾಯಬೇಕಾಯಿತು. ಅಮೆರಿಕದ ಸವಾನಾ ರಿವರ್ ರಿಯಾಕ್ಟರ್ ಪಕ್ಕದಲ್ಲಿ ರೈನ್ಸ್ ಮತ್ತು ಕೊವಾನ್ ಅದನ್ನು ಕಂಡು ಪೌಲಿಗೆ ತಂತಿ ಕಳಿಸಿದರು. ಒಂದು ಮಾತು: 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ, ಎರಡು ಕಿಲೋಮೀಟರ್‌ಗೂ ಆಳದಲ್ಲಿ, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು (ಟಿಐಎಫ್‌ಆರ್) ಜಪಾನ್ ಮತ್ತು ಇಂಗ್ಲೆಂಡಿನವರ ಜೊತೆ ನ್ಯೂಟ್ರಿನೊ ಗುರುತು ಹಿಡಿದರು. ಅವು ಬೀಟಾದಿಂದ ಬಂದವಲ್ಲ, ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಹುಟ್ಟಿದವು. ಹಾಗೆ ಹುಟ್ಟಿದ ನ್ಯೂಟ್ರಿನೊಗಳನ್ನು ಜಗತ್ತಿನಲ್ಲಿ ಮೊದಲು ಕಂಡವರ ಸಾಲಿನಲ್ಲಿ ಕೆಜಿಎಫ್ ಇದೆ. ಆ ಊರಿನ ಹೆಸರು ಕೇಳಿದರೆ ನನಗೆ ಚಿನ್ನಕ್ಕಿಂತ ಮೊದಲು ಇದೇ ನೆನಪಾಗುತ್ತದೆ.

ಮೇಡಂ ವೂ ಅವರ ಪ್ರಯೋಗ ಎಷ್ಟು ಓದಿದ್ರೂ ತಲೆಗೆ ಹೋಗಲ್ಲ. ಸರಳವಾಗಿ ಹೇಳಿ.

ತಿರುಗುತ್ತಿರುವ ಬುಗುರಿಯ ಪಕ್ಕ ಕನ್ನಡಿ ನಿಲ್ಲಿಸಿ. ಕನ್ನಡಿಯಲ್ಲಿ ಬುಗುರಿ ಎದುರು ದಿಕ್ಕಿಗೆ ತಿರುಗುತ್ತದೆ, ಆದರೆ ಮೇಲು ಮೇಲೇ, ಕೆಳಗು ಕೆಳಗೇ. ಪ್ರಕೃತಿಗೆ ಎಡಬಲದ ಹಂಗಿಲ್ಲ ಎಂದಾದರೆ ಕನ್ನಡಿಯಲ್ಲಿ ಕಂಡದ್ದೂ ನಿಜವಾಗಿ ನಡೆಯಬೇಕು. ಅಂದರೆ ತಿರುಗುವ ನ್ಯೂಕ್ಲಿಯಸ್‌ನಿಂದ ಬೀಟಾ ಮೇಲಕ್ಕೂ ಕೆಳಕ್ಕೂ ಸಮನಾಗಿ ಬರಬೇಕು. ಭೌತಶಾಸ್ತ್ರಜ್ಞೆ ವೂ ಅವರು ಕೋಬಾಲ್ಟ್-60 ಅನ್ನು ಒಂದು ಡಿಗ್ರಿಯ ನೂರನೇ ಒಂದು ಭಾಗಕ್ಕೆ, ಸೊನ್ನೆ ಕೆಲ್ವಿನ್ ಹತ್ತಿರಕ್ಕೆ ತಣ್ಣಗೆ ಮಾಡಿ, ಕಾಂತಕ್ಷೇತ್ರದಲ್ಲಿ ನ್ಯೂಕ್ಲಿಯಸ್‌ಗಳನ್ನು ಒಂದೇ ಕಡೆ ಮುಖ ಮಾಡಿಸಿದರು. ಬೀಟಾಗಳು ಒಂದೇ ಬದಿಗೆ ಜಾಸ್ತಿ ಬಂದವು. ಅಂದರೆ ಪ್ರಕೃತಿಗೆ ಎಡಬಲದ ಹಂಗಿದೆ. ಫಲಿತಾಂಶ 1957ರ ಜನವರಿಯಲ್ಲಿ ಹೊರಬಿತ್ತು. ಆ ವರ್ಷದ ನೊಬೆಲ್ ಈ ಅನುಮಾನ ಎತ್ತಿದ್ದ ಲೀ ಮತ್ತು ಯಾಂಗ್‌ಗೆ ಹೋಯಿತು. ವೂ ಅವರಿಗೆ ಸಿಗಲಿಲ್ಲ. ಅದು ಸರಿಯಾಗಲಿಲ್ಲ ಎಂದು ನಾನಂತೂ ಪ್ರತಿ ತರಗತಿಯಲ್ಲೂ ಹೇಳುತ್ತೇನೆ.

ಬೀಟಾದಲ್ಲಿ ಇನ್ನೂ ಗೊತ್ತಾಗದೆ ಉಳಿದದ್ದು ಏನಾದ್ರೂ ಇದೆಯಾ, ಎಲ್ಲ ಮುಗಿದ ಕಥೆಯಾ?

ಮುಗಿದಿಲ್ಲ. ಒಂಟಿ ನ್ಯೂಟ್ರಾನ್ ಸರಾಸರಿ ಎಷ್ಟು ಹೊತ್ತು ಬದುಕುತ್ತದೆ ಎಂಬುದರಲ್ಲೇ ಜಗಳ ಇದೆ. ಪಾತ್ರೆಯಲ್ಲಿ ಕೂಡಿಟ್ಟು ಎಣಿಸಿದವರಿಗೆ ಸುಮಾರು 878 ಸೆಕೆಂಡು, ಹರಿಯುವ ನ್ಯೂಟ್ರಾನ್ ಕಿರಣದಲ್ಲಿ ಎಣಿಸಿದವರಿಗೆ ಸುಮಾರು 888. ಹತ್ತು ಸೆಕೆಂಡಿನ ಈ ಅಂತರ ಯಾಕೆ ಎಂದು ಯಾರೂ ಇನ್ನೂ ಒಪ್ಪುವಂತೆ ಹೇಳಿಲ್ಲ.

ನ್ಯೂಟ್ರಿನೊ ತೂಕವೂ ಸಿಕ್ಕಿಲ್ಲ. ಅದನ್ನು ಹುಡುಕಲು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಅದೇ ಮೆತ್ತಗಿನ ಟ್ರಿಟಿಯಂ ಬೀಟಾ ಬಳಸಿದ್ದಾರೆ. ನ್ಯೂಟ್ರಿನೊಗೆ ತೂಕವಿದ್ದರೆ ಬೀಟಾ ಶಕ್ತಿಯ ಗರಿಷ್ಠದ ತುದಿ ಕೂದಲೆಳೆಯಷ್ಟು ಇಳಿಯಬೇಕು. ಅದನ್ನು ಅಳೆಯುವ ಕ್ಯಾಟ್ರಿನ್ ಯಂತ್ರದ 200 ಟನ್ ತೂಕದ ತೊಟ್ಟಿ ತಯಾರಾದದ್ದು ಅಲ್ಲಿಂದ 400 ಕಿಲೋಮೀಟರ್ ದೂರದಲ್ಲಿ. ರಸ್ತೆಯಲ್ಲಿ ತರಲಾಗದೆ 2006ರಲ್ಲಿ ಡ್ಯಾನ್ಯೂಬ್ ನದಿ, ಕಪ್ಪು ಸಮುದ್ರ, ಮೆಡಿಟರೇನಿಯನ್, ಆಮೇಲೆ ರೈನ್ ನದಿ ಅಂತ ಸುಮಾರು 9,000 ಕಿಲೋಮೀಟರ್ ಸುತ್ತಿಸಿ ತಂದರು. ಕೊನೆಯ ಹಳ್ಳಿಯಲ್ಲಿ ಅದು ಮನೆಗಳ ನಡುವೆ ನುಸುಳಿದ್ದು ನಮ್ಮ ತೇರು ಓಣಿ ದಾಟಿದ ಹಾಗೇ ಇತ್ತು. 2025ರಲ್ಲಿ ಅವರು ಹೇಳಿದ್ದು: ನ್ಯೂಟ್ರಿನೊ ತೂಕ 0.45 ಎಲೆಕ್ಟ್ರಾನ್ ವೋಲ್ಟ್‌ಗಿಂತ ಕಡಿಮೆ (ಕಣಗಳ ತೂಕವನ್ನೂ ಶಕ್ತಿಯ ಇದೇ ಮಾನದಲ್ಲಿ ಹೇಳುತ್ತಾರೆ). ಎಲೆಕ್ಟ್ರಾನಿನದು 5,11,000. ಎಷ್ಟು ಕಡಿಮೆ ಎಂಬುದು ತುದಿಯ ಆ ಕೂದಲೆಳೆಯಲ್ಲೇ ಇನ್ನೂ ಅಡಗಿ ಕೂತಿದೆ.